ಅರಿಶಿನ ಹಚ್ಚಿದ ಕಾರ್ಡು

ನನಗೆ ಎಣಿಸುವ ಚಟವಿದೆ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸಲೀಸು. ಮೆಟ್ಟಿಲು ಹತ್ತುವಾಗ ಮೆಟ್ಟಿಲು ಎಣಿಸುತ್ತೇನೆ. ಕಂಪ್ಲಿ ಬಸ್ಸಿನಲ್ಲಿ ಕೂತರೆ ಡ್ರೈವರ್ ಎಷ್ಟು ಸಲ ಹಾರನ್ ಒತ್ತಿದ ಎಂದು ಎಣಿಸುತ್ತೇನೆ. ಅವ್ವ ಸಿಟ್ಟಿನಲ್ಲಿ ಮಾತಾಡುವಾಗ ‘ನಿಮ್ಮಪ್ಪ’ ಎಂಬ ಶಬ್ದ ಎಷ್ಟು ಸಲ ಬಂತೆಂದು ಎಣಿಸುತ್ತೇನೆ. ಎಣಿಸಿದ್ದನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಇದರಿಂದ ಜಗತ್ತಿಗೆ ಉಪಕಾರವೇನೂ ಆಗಿಲ್ಲ, ಅಪಕಾರವೂ ಆಗಿಲ್ಲ. ಕಳೆದ ಜುಲೈನಿಂದ ಈ ಯುಗಾದಿಯವರೆಗೆ ಮಾತ್ರ ನನ್ನ ಚಟಕ್ಕೆ ಒಂದು ಘನವಾದ ಕಾರಣ ಸಿಕ್ಕಿತ್ತು. ಆಗ ನಾನು ಎಣಿಸಿದ್ದು ಮನುಷ್ಯರನ್ನು.

ಕಾರಣ ನಮ್ಮ ಶೆಡ್ಡು. ಹೊಸಪೇಟೆಯ ಹೊರವಲಯದಲ್ಲಿ ಅಪ್ಪ ಬೆಲ್ಟ್ ಜೋಡಿಸುತ್ತಾರೆ. ಸೊಂಟದ ಬೆಲ್ಟಲ್ಲ. ಗಣಿಯಲ್ಲಿ ಅದಿರು ಹೊರುವ, ಅಕ್ಕಿ ಗಿರಣಿಯಲ್ಲಿ ಭತ್ತವನ್ನು ಮೇಲಕ್ಕೆ ಎತ್ತುವ ಅಗಲವಾದ ರಬ್ಬರ್ ಬೆಲ್ಟು. ಅದು ಹರಿದಾಗ ಎರಡು ತುದಿಗಳನ್ನು ಸುಲಿದು, ಅಂಟು ಹಚ್ಚಿ, ಮಶೀನಿನಲ್ಲಿಟ್ಟು ಕಾಯಿಸಿ ಒತ್ತಿ ಒಂದು ಮಾಡಬೇಕು. ಅಪ್ಪ, ಅವರ ಜೊತೆ ಇಪ್ಪತ್ತು ವರ್ಷದಿಂದ ದುಡಿಯುವ ಹುಸೇನಪ್ಪ, ಡಿಪ್ಲೊಮಾ ಮುಗಿಸಿ ಸೇರಿಕೊಂಡ ನಾನು, ಹೀಗೆ ಮೂವರ ಸಂಸ್ಥಾನ ಅದು. ನಮ್ಮ ಬಹುಪಾಲು ಕೆಲಸ ಸಂಡೂರಿನ ಒಂದು ಗಣಿಯಿಂದ ಬರುತ್ತಿತ್ತು. ಕಳೆದ ವರ್ಷ ಆ ಗಣಿ ತನ್ನ ದುರಸ್ತಿಯನ್ನೆಲ್ಲ ಒಂದೇ ದೊಡ್ಡ ಕಂಪನಿಗೆ ಒಪ್ಪಿಸಿಬಿಟ್ಟಿತು. ಅಪ್ಪ ನಾಲ್ಕು ದಿನ ಹಳೆಯ ಬಿಲ್ಲುಗಳನ್ನು ತಿರುವಿದರು. ಐದನೇ ದಿನ ಹೇಳಿದರು:

“ಯುಗಾದಿ ತನಕ ನೋಡು. ಮೂರು ಹೊಸಾ ಮಿಲ್ ತಂದ್ರ ಶೆಡ್ ಇರತೈತಿ. ಇಲ್ಲಾಂದ್ರ ಮಶೀನ್ ಮಾರಿ ಬಾಗಲಾ ಹಾಕೋಣು. ನೀ ಫ್ಯಾಕ್ಟರಿ ಸೇರ್ಕೊ.”

“ನಾನು?” ಅಂದ ಹುಸೇನಪ್ಪ.

ಅಪ್ಪ ಎದ್ದು ಮಶೀನಿನ ಧೂಳು ಒರೆಸತೊಡಗಿದರು. ಡೈರಿಯಲ್ಲಿ ಅಂದು ಒಂದೇ ಸಾಲಿದೆ: ಬೇಕಾದದ್ದು ಮೂರು, ಇರುವುದು ಸೊನ್ನೆ.

ಅಪ್ಪನಿಗೆ ಅಪರಿಚಿತರ ಜೊತೆ ಮಾತಾಡುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಆದ್ದರಿಂದ ಉದ್ಯಮಿಗಳ ಸಮಾವೇಶಗಳಿಗೆ ಹೋಗುವ ಪಾಳಿ ನನ್ನದಾಯಿತು. ಅದಕ್ಕೊಂದು ವಿಸಿಟಿಂಗ್ ಕಾರ್ಡು ಬೇಕಲ್ಲ, ಮುನ್ನೂರು ಅಚ್ಚು ಹಾಕಿಸಿದೆ. ಒಂದು ಕಡೆ ನನ್ನ ಹೆಸರು ಶಿವಲೀಲಾ, ಇನ್ನೊಂದು ಕಡೆ ‘ಎಲ್ಲಾ ತರಹದ ಬೆಲ್ಟ್ ಜೋಡಿಸಲಾಗುತ್ತದೆ’. ಕಾರ್ಡಿನ ಡಬ್ಬಿ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅವ್ವ ಅರಿಶಿನದ ಬಟ್ಟಲು ಹಿಡಿದು ಕೂತಿದ್ದಳು. ಒಂದೊಂದೇ ಕಾರ್ಡು ತೆಗೆದು, ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಒಣಗಲಿಡುತ್ತಿದ್ದಳು.

“ಯವ್ವಾ, ಏನ್ ಮಾಡಾಕತ್ತೀ? ಇದು ವ್ಯಾಪಾರದ ಕಾರ್ಡ್!”

“ವ್ಯಾಪಾರ ಶುಭ ಅಲ್ಲೇನು? ಅರಿಷಿಣ ಇಲ್ಲದ ಕಾರ್ಡ್ ಶಿವಗಣಾರಾಧನೆದ್ದು. ಹಂಗ ಕೊಟ್ರ ಮಂದಿ ಯಾರ್ ಹೋದ್ರು ಅಂತ ಕೇಳ್ತಾರ.”

ವಾದದಲ್ಲಿ ಅವಳನ್ನು ನಾನು ಗೆದ್ದ ದಾಖಲೆ ಡೈರಿಯಲ್ಲಿ ಇಲ್ಲ. ಅವತ್ತು ನನ್ನನ್ನು ಉಳಿಸಿದ್ದು ಒಲೆಯ ಮೇಲಿದ್ದ ಹಾಲು. ಐವತ್ತನೇ ಕಾರ್ಡಿಗೆ ಅದು ಉಕ್ಕಿತು, ಅವ್ವ ಎದ್ದು ಓಡಿದಳು. ಹೀಗಾಗಿ ಐವತ್ತು ಹಳದಿ ಮೂಲೆಯ ಕಾರ್ಡು, ಇನ್ನೂರೈವತ್ತು ಬಿಳಿಯ ಕಾರ್ಡು ಆದವು. ಹಳದಿಯವು ಮೇಲಿದ್ದವು, ಮೊದಲು ಅವೇ ಖರ್ಚಾದವು.

ಮೊದಲ ಸಮಾವೇಶ ಹೊಸಪೇಟೆಯ ಒಂದು ಹೋಟೆಲಿನ ಹಾಲ್‌ನಲ್ಲಿ. ಬೆಂಗಳೂರಿನಿಂದ ಬಂದ ತರಬೇತುದಾರರೊಬ್ಬರು ನೆಟ್‌ವರ್ಕಿಂಗ್ ಹೇಗೆ ಮಾಡಬೇಕೆಂದು ಒಂದು ಗಂಟೆ ಹೇಳಿದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ. ಎದುರಿನವರ ಹೆಸರನ್ನು ಮೂರು ಸಲ ಉಚ್ಚರಿಸಿ. ಎರಡು ದಿನದೊಳಗೆ ಫೋನ್ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಎಲಿವೇಟರಿನಲ್ಲಿ ಸಿಕ್ಕವರಿಗೆ ಮೂವತ್ತು ಸೆಕೆಂಡಿನಲ್ಲಿ ನಿಮ್ಮ ವ್ಯಾಪಾರವನ್ನು ವಿವರಿಸಲು ಕಲಿಯಿರಿ. ನಮ್ಮ ಕಡೆ ಎಲಿವೇಟರ್ ಅಂದರೆ ಗಿರಣಿಯಲ್ಲಿ ಭತ್ತ ಏರಿಸುವ ಬಕೆಟ್ಟುಗಳ ಸಾಲು. ಸಭೆಯಲ್ಲಿದ್ದ ಮಿಲ್ ಮಾಲೀಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರೊಳಗೆ ಯಾರಾದರೂ ಸಿಕ್ಕರೆ ಮೊದಲು ಮಶೀನ್ ನಿಲ್ಲಿಸಬೇಕಲ್ಲವೆ?

ನಾನು ಮಾತ್ರ ಎಲ್ಲವನ್ನೂ ಬರೆದುಕೊಂಡೆ, ಪಾಲಿಸಿದೆ ಕೂಡ. ನನ್ನ ಭಾಷಣ ಇಪ್ಪತ್ತೆಂಟು ಸೆಕೆಂಡಿಗೆ ಮುಗಿಯುತ್ತಿತ್ತು. ಆದರೆ ಅದು ಮುಗಿದ ಮೇಲೆ ಎದುರಿನವರದು ಶುರುವಾಗುತ್ತಿತ್ತು. “ಯಾವೂರವ್ವಾ? ಯಾರ ಪೈಕಿ?” ಅಜ್ಜಿಯ ಊರು ಗಾದಿಗನೂರು ಅಂದರೆ ಸಾಕು, ಅಲ್ಲಿಯ ಇಂಥವರು ನಿಮಗೇನಾಗಬೇಕು, ಅವರ ಮೂರನೇ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಹೀಗೆ ಸಂಬಂಧದ ಎಳೆ ಸಿಗುವವರೆಗೂ ಬಿಡುತ್ತಿರಲಿಲ್ಲ. ಎಳೆ ಸಿಕ್ಕ ಮೇಲೆ ಬೆಲ್ಟಿನ ವಿಷಯ ಎತ್ತುವುದು ಅಸಭ್ಯ ಅನ್ನಿಸುತ್ತಿತ್ತು. ಕಾರ್ಡು ಕೊಟ್ಟರೆ ಮೂಲೆಯ ಅರಿಶಿನ ನೋಡಿ, “ಛಲೋ ಆತು. ಹುಡುಗ ಏನ್ ಮಾಡ್ತಾನ?” ಎನ್ನುತ್ತಿದ್ದರು. ಡೈರಿಯಲ್ಲಿ ಹೊಸದೊಂದು ಕಾಲಂ ಎಳೆದೆ: ಮದುವೆ ಬಗ್ಗೆ ಕೇಳಿದವರು. ಮೊದಲ ದಿನದ ಲೆಕ್ಕ ಹತ್ತೊಂಬತ್ತು. ಕೆಲಸ ಕೊಡುತ್ತೇನೆಂದವರು ಯಾರೂ ಇಲ್ಲ.

ಮಾರನೇ ದಿನ ಭಾನುವಾರ. ಹಂಪಿಗೆ ಹೋಗಿ ಬಜಾರಿನ ಕಲ್ಲು ಮಂಟಪವೊಂದರ ನೆರಳಿನಲ್ಲಿ ಕುಳಿತೆ. ಕುದುರೆ ಮಾರಲು ಸಮುದ್ರ ದಾಟಿ ಬಂದವರು ಈ ಊರಲ್ಲಿ ವ್ಯಾಪಾರ ಮಾಡಿದ್ದರಂತೆ. ಅವರು ತಮ್ಮ ಪರಿಚಯವನ್ನು ಎಷ್ಟು ಸೆಕೆಂಡಿನಲ್ಲಿ ಹೇಳಿಕೊಂಡರೋ ಗೊತ್ತಿಲ್ಲ. ಕುದುರೆ ಕಣ್ಣೆದುರೇ ನಿಂತಿರುವಾಗ ಕಾರ್ಡಿನ ಅಗತ್ಯ ಬೀಳುವುದಿಲ್ಲ ಎಂದು ತೋರುತ್ತದೆ. ಹರಿದ ಬೆಲ್ಟು ಜೋಡಿಸುವವರಿಗೆ ಈ ಅನುಕೂಲವಿಲ್ಲ. ಒಳ್ಳೆಯ ಜೋಡಣೆ ಕಣ್ಣಿಗೆ ಕಾಣಬಾರದು, ಕಂಡರೆ ಅದು ಕೆಟ್ಟ ಜೋಡಣೆ.

ಆದರೆ ಕಾರ್ಡಿಗೂ ಇಲ್ಲಿ ಪೂರ್ವಜರಿದ್ದಾರೆ. ನಮ್ಮ ಶಾಸನಗಳನ್ನು ನೋಡಿ. ಇಂಥವರ ಮಗ ಇಂಥವನು, ಇಂಥ ಊರಿನವನು, ಇಂಥದ್ದನ್ನು ಕೊಟ್ಟನು. ಯಾವೂರು, ಯಾರ ಪೈಕಿ ಎಂಬ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಸಿದ್ಧ. ಮೇಲೆ ಸೂರ್ಯ ಚಂದ್ರರ ಸಾಕ್ಷಿ. ಕೊನೆಗೆ ಶಾಪ: ಇದನ್ನು ಅಳಿದವನು ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು. ಕಲ್ಲು ಉಳಿದದ್ದು ಗಟ್ಟಿಯಾಗಿದ್ದುದಕ್ಕೆ ಎನ್ನುತ್ತಾರೆ, ಅರ್ಧ ಶ್ರೇಯ ಆ ಶಾಪಕ್ಕೆ ಸಲ್ಲಬೇಕು. ಪಾಪ, ವಿಸಿಟಿಂಗ್ ಕಾರ್ಡಿಗೆ ಸೂರ್ಯನೂ ಇಲ್ಲ, ಕವಿಲೆಯೂ ಇಲ್ಲ. ಅಂಗಿಯ ಜೇಬಿಗೆ ಬಿದ್ದ ಕಾರ್ಡಿನ ಆಯುಷ್ಯ ಆ ಅಂಗಿ ಒಗೆಯುವವರೆಗೆ.

ಇದನ್ನು ಹುಸೇನಪ್ಪನಿಗೆ ಹೇಳಿದೆ. ಅವನು ಬೆಲ್ಟಿನ ತುದಿಯನ್ನು ಉಜ್ಜುತ್ತಿದ್ದ. ಅಂಟು ಹಚ್ಚುವ ಮೊದಲು ರಬ್ಬರನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಒರಟು ಮಾಡಬೇಕು.

“ಲೀಲವ್ವಾ, ನೀ ಭಾಳ ನುಣ್ಣಗ ಮಾತಾಡ್ತಿ,” ಅಂದ. “ನುಣ್ಣಗಿದ್ದದ್ದು ಅಂಟಂಗಿಲ್ಲ. ಅರ್ಧಾ ತಾಸು ಉಜ್ಜಬೇಕು, ಆಮ್ಯಾಲೆ ಅಂಟು.”

ನನ್ನ ಇಪ್ಪತ್ತೆಂಟು ಸೆಕೆಂಡಿನ ಸಾಧನೆಗೆ ಇದಕ್ಕಿಂತ ಕಟುವಾದ ವಿಮರ್ಶೆ ಬಂದಿಲ್ಲ. ಬರೆದುಕೊಂಡೆ, ಆದರೆ ಪಾಲಿಸಲಿಲ್ಲ. ಬೆಂಗಳೂರಿನವರು ಹೇಳಿದ್ದಕ್ಕೇ ಹೆಚ್ಚು ಬೆಲೆ ಕೊಟ್ಟೆ.

ಡಿಸೆಂಬರ್ ಹೊತ್ತಿಗೆ ಹೊಸಪೇಟೆಯಲ್ಲಿ ನಾಲ್ಕು, ಸಂಡೂರಿನಲ್ಲಿ ಒಂದು, ಕಂಪ್ಲಿಯಲ್ಲಿ ಒಂದು ಸಮಾವೇಶ ಮುಗಿಸಿದ್ದೆ. ಅರಿಶಿನದ ಕಾರ್ಡು ಐವತ್ತೂ ಖಾಲಿ, ಬಿಳಿಯವು ನೂರ ಎಂಬತ್ಮೂರು ಖಾಲಿ. ಬಂದ ಫೋನು ನಾಲ್ಕು. ಮೂವರು ನನಗೇ ಏನನ್ನೋ ಮಾರಲು ನೋಡಿದರು. ನಾಲ್ಕನೆಯವರು ಸೊಂಟದ ಬೆಲ್ಟು ರಿಪೇರಿಯಾಗುತ್ತದೆಯೇ ಎಂದು ಕೇಳಿದರು.

ಐದನೆಯದು ಒಂದು ಮಧ್ಯಾಹ್ನ ಕಂಪ್ಲಿಯಿಂದ ಬಂತು. ಭತ್ತದ ಸುಗ್ಗಿ ಜೋರಾಗಿತ್ತು. ವೀರನಗೌಡರೆಂಬ ಮಿಲ್ ಮಾಲೀಕರ ಎಲಿವೇಟರ್ ಬೆಲ್ಟು ಹರಿದು ಗಿರಣಿ ನಿಂತಿತ್ತು, ಅಂಗಳದಲ್ಲಿ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅವರ ಕಾಯಂ ಮೇಸ್ತ್ರಿ ಊರಲ್ಲಿರಲಿಲ್ಲ. ಹುಸೇನಪ್ಪ ಮತ್ತು ನಾನು ಮಶೀನನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದೆವು. ಸಂಜೆಗೆ ಬೆಲ್ಟು ತಿರುಗಿತು. ಗೌಡರು ಜೋಡಿಸಿದ ಜಾಗ ಹುಡುಕಿದರು, ಸಿಗಲಿಲ್ಲ. ಹುಸೇನಪ್ಪನ ಮುಖದಲ್ಲಿ ಕಂಡೂ ಕಾಣದಂಥ ನಗು.

ಗಿರಣಿಯ ಹಿಂದೆಯೇ ಅವರ ಮನೆ. ಗೌಡರ ಹೆಂಡತಿ ಶರಣಮ್ಮ ನಮ್ಮನ್ನು ಒಳಗೆ ಕರೆದು ಕೂರಿಸಿ, ನನ್ನ ಕೊರಳನ್ನೂ ಕಾಲನ್ನೂ ಗಮನವಿಟ್ಟು ನೋಡಿದರು. ತಾಳಿ ಇಲ್ಲ, ಕಾಲುಂಗುರವೂ ಇಲ್ಲ.

“ಯಾಕವ್ವಾ, ಮದುವಿ ನಿಂತೋತೇನು?”

“ಯಾವ ಮದುವಿರಿ?”

ಅವರು ಗೋಡೆಯಲ್ಲಿದ್ದ ದೇವರ ಮಾಡದ ಕಡೆ ಕೈ ತೋರಿಸಿದರು. ಫೋಟೋದ ಹಿಂದೆ ಅರ್ಧ ಕಾಣುವಂತೆ ನನ್ನ ಕಾರ್ಡು ಸಿಕ್ಕಿಸಿತ್ತು. ಗೌಡರ ಅಂಗಿ ಒಗೆಯುವಾಗ ಜೇಬಿನಲ್ಲಿ ಹನ್ನೊಂದು ಕಾರ್ಡು ಸಿಕ್ಕವಂತೆ. ಹತ್ತು ಕಸಕ್ಕೆ ಹೋದವು. ಒಂದರ ಮೂಲೆಗೆ ಅರಿಶಿನವಿತ್ತು. ಶರಣಮ್ಮನವರಿಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ. ಗೌಡರನ್ನು ಕೇಳಿದರೆ “ಹೊಸಪ್ಯಾಟಿ ಹುಡುಗಿ ಕೊಟ್ಟಾಳ” ಅಂದರಂತೆ, ಅಷ್ಟೇ. ಅರಿಶಿನ ಹಚ್ಚಿದ್ದನ್ನು ಎಸೆಯಬಾರದು. ಅವರು ಅದನ್ನು ದೇವರ ಹಿಂದೆ ಇಟ್ಟು, ಹೊಸಪೇಟೆಯ ಯಾವುದೋ ಮದುವೆಗೆ ಹೋಗಲಾಗಲಿಲ್ಲವಲ್ಲ ಎಂದು ಐದು ತಿಂಗಳು ಪೇಚಾಡಿಕೊಂಡಿದ್ದರು. ಆ ದಿನ ಗಿರಣಿ ನಿಂತಾಗ ಗೌಡರು ಬೆಲ್ಟಿನವರ ನಂಬರಿಗಾಗಿ ಮನೆಯೆಲ್ಲ ತಡಕಿ, ಕೊನೆಗೆ ದೇವರಿಗೆ ಕೈಮುಗಿಯಲು ಹೋಗಿ ಕಣ್ಣೆತ್ತಿದರೆ ಕಾರ್ಡಿನಲ್ಲಿ ನಾನೇ ಕಂಡೆ.

ವಿಷಯ ತಿಳಿದು ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಆಗದ ಮದುವಿಗೆ ಐದು ತಿಂಗಳು ಮರಗೀನಲ್ಲ! ಇರಲಿ, ಮುಯ್ಯಿ ತಗೊಂಡೇ ಹೋಗು,” ಎಂದು ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಹಾಕಿದರು.

ಬೇಕಾದದ್ದು ಮೂರು, ಇರುವುದು ಒಂದು.

ಈಗ ನನ್ನಂಥ ಲೆಕ್ಕದ ಬುದ್ಧಿಯವಳು ಏನು ಮಾಡುತ್ತಾಳೆ? ಕೋಷ್ಟಕ ಹಾಕುತ್ತಾಳೆ. ಅರಿಶಿನದ ಐವತ್ತರಲ್ಲಿ ಒಂದು ಕೆಲಸ. ಬಿಳಿಯ ನೂರ ಎಂಬತ್ಮೂರರಲ್ಲಿ ಸೊನ್ನೆ. ಒಂದೇ ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲವೆಂದು ಡಿಪ್ಲೊಮಾದಲ್ಲಿ ಓದಿದ್ದೆ. ಯುಗಾದಿ ಹತ್ತಿರ ಬಂದಾಗ ಓದಿದ್ದು ನೆನಪಾಗುವುದಿಲ್ಲ. ಉಳಿದ ಕಾರ್ಡುಗಳಲ್ಲಿ ನಲವತ್ತಕ್ಕೆ ನಾನೇ ಕೂತು ಅರಿಶಿನ ಹಚ್ಚಿ, ಸಂಡೂರಿನ ಎರಡನೇ ಸಮಾವೇಶಕ್ಕೆ ಹೊರಟೆ. ಶಾಸನದ ಕವಿಲೆಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟ ಹಾಗಿತ್ತು ನನ್ನ ಗತ್ತು.

ಹತ್ತು ಜನಕ್ಕೆ ಹಂಚಿದೆ. ಹನ್ನೊಂದನೆಯವರು ಬಿಳಿ ಟೋಪಿಯ ಹಿರಿಯರು, ಲಾರಿ ಗುತ್ತಿಗೆದಾರರು. ಮೂಲೆಯ ಅರಿಶಿನ ಕಂಡದ್ದೇ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಚಪ್ಪಲಿ ಕಳಚಿ, ಎರಡೂ ಕೈಯಲ್ಲಿ ಕಾರ್ಡು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಓದಿದರು. ಎಲ್ಲಾ ತರಹದ ಬೆಲ್ಟ್ ಜೋಡಿಸಲಾಗುತ್ತದೆ.

“ತಂಗಿ,” ಅಂದರು ಕೊನೆಗೆ, ಸಿಟ್ಟಿಲ್ಲದೆ. “ಅರಿಷಿಣ ಹಚ್ಚಿದ್ದನ್ನ ನಿಂತ ಕಾಲ ಮ್ಯಾಲೆ ಕೊಡಂಗಿಲ್ಲವ್ವಾ. ಮನಿಗೆ ಬರಬೇಕು, ಕುಂದ್ರಬೇಕು, ನೀರ್ ಕುಡೀಬೇಕು, ಆಮ್ಯಾಲೆ ಕೊಡಬೇಕು. ಹೊಳ್ಳಿ ಇಟ್ಕೊ.”

ಇಟ್ಟುಕೊಂಡೆ. ಡೈರಿಯಲ್ಲಿ ‘ವಾಪಸ್’ ಎಂಬ ಕಾಲಂ ಅಲ್ಲಿಯವರೆಗೆ ಇರಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಳ್ಳುವುದನ್ನು ನೋಡುತ್ತ ನಿಂತಿದ್ದಾಗ, ನಾನು ಯಾರಿಗೋ ಮೋಸ ಮಾಡಿ ಕೈಮುಗಿಸಿಕೊಂಡೆ ಅನ್ನಿಸಿತು. ಮನೆಗೆ ಬಂದು ಅವ್ವನಿಗೆ ಹೇಳಿದರೆ, ಅವಳು ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ಎರಡು ಸಲ ತೊಳೆದಿದ್ದರೂ ಹಳದಿ ಹೋಗಿರಲಿಲ್ಲ.

“ಅರಿಷಿಣ ತಗೊಂಡವ್ರಿಗಷ್ಟ ಹತ್ತೂದಿಲ್ಲಲೇ, ಹಚ್ಚಿದವ್ರಿಗೂ ಹತ್ತತೈತಿ. ಕರದ ಮ್ಯಾಲೆ ನಿನ್ನ ಕಡಿಂದನೂ ಒಂದು ನಡಕೊಳ್ಳೂದು ಇರತೈತಿ.”

ಉಳಿದಿದ್ದ ಮೂವತ್ತು ಅರಿಶಿನದ ಕಾರ್ಡು ಎತ್ತಿಕೊಂಡು ಸ್ಕೂಟರಿನಲ್ಲಿ ಕಂಪ್ಲಿಯ ದಾರಿ ಹಿಡಿದೆ. ಈ ಸಲ ಸಮಾವೇಶಕ್ಕಲ್ಲ, ಮನೆಗಳಿಗೆ. ಒಂದು ದಿನಕ್ಕೆ ಎರಡು ಮನೆಗಿಂತ ಹೆಚ್ಚು ಆಗುತ್ತಿರಲಿಲ್ಲ. ನೀರು, ಆಮೇಲೆ ಚಹಾ, ಆಮೇಲೆ ಯಾವೂರು ಯಾರ ಪೈಕಿ, ಆಮೇಲೆ ಊಟ ಮಾಡಿಕೊಂಡು ಹೋಗು ಎಂಬ ಜಗ್ಗಾಟ. ಬೆಂಗಳೂರಿನ ತರಬೇತುದಾರರು ನೋಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಅತಿ ದೀರ್ಘ ಭೇಟಿ ಮೂರು ತಾಸು ಹತ್ತು ನಿಮಿಷ. ಅದರಲ್ಲಿ ಬೆಲ್ಟಿನ ಮಾತು ನಾಲ್ಕು ನಿಮಿಷ. ಒಂದು ಮನೆಯಲ್ಲಿ ಹಪ್ಪಳ ಒಣಗಹಾಕಲು ಕೈಜೋಡಿಸಿದೆ. ಇನ್ನೊಂದರಲ್ಲಿ, ಗಿರಣಿಯ ಶಬ್ದದಿಂದ ಕಿವಿ ಮಂದವಾದ ಅಜ್ಜನಿಗೆ ನನ್ನ ಕುಲಗೋತ್ರವನ್ನೆಲ್ಲ ಕೂಗಿ ಹೇಳಿದೆ, ಓಣಿಗೆಲ್ಲ ಗೊತ್ತಾಯಿತು. ಎಲ್ಲರೂ ಕೊನೆಗೆ ಹೇಳುತ್ತಿದ್ದುದು ಒಂದೇ: “ಹರಿದ್ರ ನಿನಗ ಹೇಳ್ತೀವಿ ಬಿಡು.” ನಮ್ಮ ಕಸುಬಿನ ಕಷ್ಟ ಇಲ್ಲಿದೆ. ಹಪ್ಪಳ ತಿನ್ನಿಸಿದ ಮನೆಯ ಬೆಲ್ಟು ಬೇಗ ಹರಿಯಲಿ ಎಂದು ಯಾವ ಬಾಯಿಂದ ಬೇಡಿಕೊಳ್ಳುವುದು? ನಾನು ಬೇಡಿಕೊಳ್ಳಲಿಲ್ಲ. ಆದರೂ ಕಿವಿಮಂದದ ಅಜ್ಜನ ಗಿರಣಿಯ ಬೆಲ್ಟು ಫೆಬ್ರವರಿಯಲ್ಲಿ ಹರಿಯಿತು, ಫೋನು ನಮಗೇ ಬಂತು.

ಬೇಕಾದದ್ದು ಮೂರು, ಇರುವುದು ಎರಡು. ಅಲ್ಲಿಗೆ ನಿಂತಿತು.

ಯುಗಾದಿಯ ಬೆಳಿಗ್ಗೆ ಹುಸೇನಪ್ಪ ಶೆಡ್ಡಿನ ಬಾಗಿಲಿಗೆ ಮಾವಿನ ಎಲೆ ಕಟ್ಟಿದ. ಪ್ರತಿ ವರ್ಷ ಕಟ್ಟುವವನೂ ಅವನೇ. ಈ ವರ್ಷ ಗಂಟು ಬಿಗಿಯಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡ. ಅಪ್ಪ ಮಶೀನಿಗೆ ಕುಂಕುಮ ಹಚ್ಚಿ, ನನ್ನ ಕಡೆ ತಿರುಗದೆ ಕೇಳಿದರು.

“ಎಷ್ಟಾತು?”

“ಎರಡು.”

ಅವರು ತಲೆಯಾಡಿಸಿದರು. ಮಶೀನು ನೋಡಲು ಮಾರನೇ ದಿನ ಬಳ್ಳಾರಿಯಿಂದ ಒಬ್ಬರು ಬರುವವರಿದ್ದರು. ಅವ್ವ ಬೇವು ಬೆಲ್ಲ ಕೊಟ್ಟಳು. ನನ್ನ ಪಾಲಿಗೆ ಬೇವೇ ಹೆಚ್ಚು ಬಂದಂತಿತ್ತು, ಎಲೆ ಎಣಿಸಲಿಲ್ಲ.

ಆಗ ಬಾಗಿಲಲ್ಲಿ ಜೀಪು ನಿಂತಿತು. ವೀರನಗೌಡರು, ಶರಣಮ್ಮ ಇಳಿದರು. ಶರಣಮ್ಮ ಸುತ್ತ ನೋಡಿ, ಕುರ್ಚಿಗೆ ಕಾಯದೆ ಸುತ್ತಿಟ್ಟ ಬೆಲ್ಟಿನ ಮೇಲೆ ಕುಳಿತರು. ಅವ್ವ ತಂದ ತಂಬಿಗೆಯ ನೀರು ಕುಡಿದರು, ಬೇವು ಬೆಲ್ಲ ತಿಂದರು. ಯಾವುದನ್ನೂ ಅವಸರ ಮಾಡಲಿಲ್ಲ. ಆಮೇಲೆ ಚೀಲದಿಂದ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತೆಗೆದರು. ಅವರ ಮಗಳ ಮದುವೆ, ಒಂದೂವರೆ ತಿಂಗಳಿಗೆ.

“ಮೊದಲನೇದು ಹಂಪಿ ವಿರೂಪಾಕ್ಷಗ ಕೊಟ್ಟು ಬಂದ್ವಿ. ಎರಡನೇದು ಇದು,” ಅಂದರು. “ಹೋದ ವರ್ಷ ನಿನ್ ಮದುವಿಗೆ ಬರಲಾರದ ಪಾಪ ಕಳೀಬೇಕಲ್ಲ!”

ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡರು. ಲಕೋಟೆಯ ಮೇಲೆ ನಮ್ಮ ಮನೆಯ ವಿಳಾಸವಿರಲಿಲ್ಲ. ದಪ್ಪ ಅಕ್ಷರದಲ್ಲಿ ‘ಬೆಲ್ಟ್ ಶೆಡ್ಡಿನವರು, ಹೊಸಪೇಟೆ’ ಎಂದಿತ್ತು.

“ಎಲ್ಲಾರೂ ಬರಬೇಕ್ರಿ, ಹುಸೇನಪ್ಪನೂ,” ಅಂದರು ಗೌಡರು. “ನಮ್ಮ ಕಡಿ ಮಿಲ್ಲಿನವರೆಲ್ಲ ಬರ್ತಾರ. ಒಂದಿನ ಶೆಡ್ಡಿಗೆ ಬಾಗಲಾ ಹಾಕಿ ಬಂದುಬಿಡ್ರಿ.”

ಅವರು ಹೋದ ಮೇಲೆ ಅಪ್ಪ ಪತ್ರಿಕೆಯನ್ನು ಎರಡು ಸಲ ಓದಿದರು. ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು. ಮತ್ತೆ ತೆಗೆದು ಓದಿ, ನನ್ನ ಕೈಗೆ ಕೊಟ್ಟರು.

“ಒಂದಿನ ಬಾಗಲಾ ಹಾಕಬೇಕಂದ್ರ,” ಎಂದರು ಹುಸೇನಪ್ಪನಿಗೆ, “ಅಲ್ಲೀ ತನಕ ತೆಗದಿರಬೇಕಲ್ಲೋ.”

“ಹೌದ್ರಿ,” ಅಂದ ಹುಸೇನಪ್ಪ. “ಆಮ್ಯಾಲೂ ತೆಗೀಬೇಕಾಕ್ಕೈತಿ. ಮದುವಿಗೆ ಹೋಗಿ ಬಂದವ್ರು ಬಾಗಲಾ ಹಾಕ್ಕೊಂಡ್ರ ಅಪಶಕುನ.”

ಅಂಥ ಶಕುನವನ್ನು ನಾನು ಎಲ್ಲೂ ಕೇಳಿಲ್ಲ. ಅಪ್ಪನೂ ಕೇಳಿರಲಿಕ್ಕಿಲ್ಲ. ಆದರೂ ಅವರು ಫೋನು ತೆಗೆದು ಬಳ್ಳಾರಿಯವರಿಗೆ ಹೇಳಿದರು: “ಈಗ ಬ್ಯಾಡ್ರಿ. ನಮ್ಮ ಪೈಕಿ ಒಂದು ಮದುವಿ ಐತಿ.”

ಡೈರಿ ತೆಗೆದೆ. ‘ಹೊಸ ಮಿಲ್’ ಎಂಬ ತಲೆಬರಹದಡಿ ಒಂದು, ಎರಡು ತುಂಬಿದ್ದವು. ಮೂರರ ಎದುರು ಖಾಲಿ. ಈ ಭೇಟಿಯನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಹೊಳೆಯಲಿಲ್ಲ. ನನ್ನ ಪಟ್ಟಿಯಲ್ಲಿ ಕೊಟ್ಟ ಕಾರ್ಡಿಗೆ ಜಾಗವಿತ್ತು, ಬಂದ ಫೋನಿಗೆ ಇತ್ತು, ವಾಪಸ್ಸಿಗೂ ಇತ್ತು. ನಮ್ಮಲ್ಲಿಗೇ ಬಂದು, ಕೂತು, ನೀರು ಕುಡಿದು ಕರೆದವರಿಗೆ ಇರಲಿಲ್ಲ. ಯೋಚಿಸುತ್ತ ಪುಟದ ಮೇಲೆ ಬೆರಳಿಟ್ಟಿದ್ದೆ. ಪತ್ರಿಕೆ ಹಿಡಿದ ಬೆರಳು. ಎತ್ತಿ ನೋಡಿದರೆ ಮೂರನೇ ಸಾಲಿನ ಮೂಲೆಗೆ ಅರಿಶಿನ ಹತ್ತಿತ್ತು. ಒರೆಸಲಿಲ್ಲ.